ಒಂದೇ ಸೈಕಲ್, ಮೂರು ಕಡೆ ರಿಪೇರಿ

ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಏರು ಹತ್ತುವಾಗ ಎದ್ದು ನಿಂತು ತುಳಿದರೆ ಸಾಕು, ನನ್ನ ಸೈಕಲ್ಲಿನ ಚೈನು ಕಟ್ ಅಂತ ಜಾರುತ್ತಿತ್ತು. ಒಮ್ಮೆ ಮೊಣಕಾಲು ಹ್ಯಾಂಡಲ್‌ಗೆ ಬಡಿದು ಬಾತುಕೊಂಡಿತು. ಗೇರಿಲ್ಲದ ಹಳೆಯ ಸೈಕಲ್ಲು ಅದು. ಈ ಒಂದೇ ತೊಂದರೆಗೆ ಮೂರು ಕಡೆ ಅಲೆದೆ.

ಮೊದಲು ಮನೆ ಹತ್ತಿರದ ಪಂಕ್ಚರ್ ಅಂಗಡಿ. ಅಲ್ಲಿನ ಅಜ್ಜ ಚೈನಿನ ಕೊಂಡಿ ತೆಗೆದು, ಹಿಂದಿನ ಗಾಲಿ ಎಳೆದು ಬಿಗಿ ಮಾಡಿಕೊಟ್ಟರು. 10 ನಿಮಿಷ, 40 ರೂಪಾಯಿ. ಚೈನಿನ ಜೋಲು ಹೋಯಿತು, ಜಾರುವುದು ಹೋಗಲಿಲ್ಲ. ಆದರೂ ಪಂಕ್ಚರ್‌ಗೆ ನಾನು ಹೋಗುವುದು ಅವರ ಹತ್ತಿರವೇ. ಸಲ್ಯೂಷನ್ ಹಚ್ಚಿ, ಅದು ಒಣಗುವವರೆಗೆ ಕಾದು, ಆಮೇಲೆ ಪ್ಯಾಚ್ ಒತ್ತುತ್ತಾರೆ. ಅವಸರ ಮಾಡುವುದಿಲ್ಲ. ಅವರು ಹಾಕಿದ ಪ್ಯಾಚ್ ಇದುವರೆಗೆ ಎದ್ದಿಲ್ಲ.

ಆಮೇಲೆ ಹುಬ್ಬಳ್ಳಿಯ ಒಂದು ಶೋರೂಮ್. ಸೈಕಲ್ ಎರಡು ದಿನ ಇಟ್ಟುಕೊಂಡರು. ಹೊಸ ಚೈನು ಹಾಕಿ, ತೊಳೆದು, ಫಳಫಳ ಅನ್ನುವ ಹಾಗೆ ಕೊಟ್ಟರು. ಏರಿಗೆ ಬಂದರೆ ಮೊದಲಿಗಿಂತ ಜಾಸ್ತಿ ಜಾರಿತು! ಚೈನು ಕೂರುವ ಹಿಂದಿನ ಗಾಲಿಯ ಹಲ್ಲುಚಕ್ರ, ಅಂದರೆ ಫ್ರೀವೀಲ್ ಕಡೆ ಯಾರೂ ನೋಡಿರಲೇ ಇಲ್ಲ.

ಕೊನೆಗೆ ಹೋಗಿದ್ದು ನಮ್ಮ ಬಡಾವಣೆಯ ಭಾನುವಾರದ ಶೆಡ್ಡಿಗೆ. ನಾಲ್ಕೈದು ಜನ ಸ್ವಂತ ಆಸಕ್ತಿಯಿಂದ ನಡೆಸುವ ಜಾಗ. ಕೂಲಿ ಕೇಳುವುದಿಲ್ಲ, ಆದರೆ ಕೆಲಸವನ್ನು ನಿಮ್ಮ ಕೈಯಿಂದಲೇ ಮಾಡಿಸುತ್ತಾರೆ. ಬಿಚ್ಚಿದ ಹಳೆ ಚೈನು ಚೀಲದಲ್ಲೇ ಇತ್ತು. ಅಲ್ಲಿದ್ದ ಅಕ್ಕ ಅದನ್ನು ಎಳೆದು ಹಿಡಿದು ಸ್ಕೇಲ್ ಇಟ್ಟರು. 24 ಕೊಂಡಿಗೆ ಸರಿಯಾಗಿ 12 ಇಂಚು ಬರಬೇಕು. ನನ್ನದು ಒಂದು ನೂಲಿಗಿಂತ (ಇಂಚಿನ ಎಂಟನೇ ಒಂದು ಭಾಗ) ಜಾಸ್ತಿ ಉದ್ದ ಬಂತು. ಚೈನು ಹಿಗ್ಗಿದೆ ಅಂತೀವಲ್ವಾ, ನಿಜವಾಗಿ ಸವೆಯುವುದು ಒಳಗಿನ ಪಿನ್ನು. ಹಾಗೆ ಉದ್ದವಾದ ಚೈನು ಫ್ರೀವೀಲ್ ಹಲ್ಲನ್ನೂ ತನ್ನ ಅಳತೆಗೆ ತಿಂದು ಹಾಕುತ್ತದೆ. ಹಲ್ಲಿನ ಮೇಲೆ ಬೆರಳಾಡಿಸಿದೆ. ಎಲ್ಲವೂ ಗರಗಸದ ಹಾಗೆ ಒಂದೇ ಕಡೆ ವಾಲಿದ್ದವು. ಹೊಸ ಚೈನು ಅಲ್ಲಿ ಹೇಗೆ ಕೂರಬೇಕು?

ಫ್ರೀವೀಲ್ ತುಳಿದಷ್ಟೂ ಬಿಗಿಯಾಗುತ್ತದೆ, ಬರಿ ಪಾನಾಕ್ಕೆ ಬಗ್ಗುವುದಿಲ್ಲ. ಅದನ್ನು ಬಿಚ್ಚುವ ರಿಮೂವರನ್ನು ಬಿಗಿಯಾಗಿ ಹಿಡಿಯುವ ವೈಸಿಗೆ ಕಚ್ಚಿಸಿ, ಅದರ ಮೇಲೆ ಗಾಲಿ ಕೂರಿಸಿ, ಲಾರಿ ಸ್ಟಿಯರಿಂಗ್ ಹಾಗೆ ಇಬ್ಬರು ಎಡಕ್ಕೆ ತಿರುಗಿಸಿದೆವು. ಮೂರನೇ ಸಲಕ್ಕೆ ಟಕ್ ಅಂತ ಬಿಟ್ಟಿತು. ಆ ಸದ್ದಿಗೆ ಎಷ್ಟು ಖುಷಿಯಾಯಿತು!

ಶೆಡ್ಡಿನಲ್ಲಿ ತೊಂದರೆಯೂ ಇದೆ. ತೆರೆಯುವುದು ಭಾನುವಾರ ಬೆಳಿಗ್ಗೆ ಮಾತ್ರ. ಒಂದು ಪಾನಾಕ್ಕೆ ಮೂವರು ಕಾಯಬೇಕು. ಬಿಡಿಭಾಗ ನಾವೇ ತರಬೇಕು, ಹಾಗಾಗಿ ಹೊಸ ಫ್ರೀವೀಲ್ ತಂದು ಹಾಕುವಷ್ಟರಲ್ಲಿ ಎರಡು ಭಾನುವಾರ ಹಿಡಿಯಿತು. ಸೋಮವಾರ ಕೆಲಸಕ್ಕೆ ಹೊರಟಾಗ ಗಾಳಿ ಇಳಿದಿದ್ದರೆ ಅಜ್ಜನ ಅಂಗಡಿಯೇ ಗತಿ. ಗೇರ್ ಸೈಕಲ್ ಇನ್ನೂ ವಾರಂಟಿಯಲ್ಲಿದ್ದರೆ ಶೋರೂಮಿಗೇ ಒಯ್ಯಿರಿ. ಹಳೆ ಸೈಕಲ್ಲಿಗೆ ಮಾತ್ರ ನನಗೆ ಶೆಡ್ಡೇ ಬೇಕು. ಈಗ ಚೈನು ಜಾರುತ್ತಿಲ್ಲ, ಜಾರಿದರೆ ಯಾಕೆ ಅಂತ ನನಗೇ ಗೊತ್ತಾಗುತ್ತದೆ.

ಈ ಭಾನುವಾರ ಹಿಂದಿನ ಗಾಲಿಯ ನಡುವಿನ ಹಬ್ ಬಿಚ್ಚುವುದಿದೆ. ಅದರೊಳಗೆ ಹಾಕುವ ಕಾಲಿಂಚಿನ ಬೇರಿಂಗ್ ಗುಂಡು 18 ತಂದಿಟ್ಟಿದ್ದೇನೆ, ಒಂದೊಂದು ಕಡೆಗೆ 9.