ಬಾಡಿಗೆಗೆ ಬಿಡಲು ಲಕ್ಷುರಿ ವ್ಯಾನ್ ಕೊಳ್ಳುವ ಮುಂಚೆ ಹಿಂದಿನ ಸೀಟಲ್ಲಿ ಕೂತು ನೋಡಿ: ಅರ್ಬೇನಿಯಾ, 1,38,000 ಕಿ.ಮೀ. ಆದ ಮೇಲೆ

ನಾನು ಮೈಸೂರಿನವನು. ಟೂರಿಸ್ಟ್ ಗಾಡಿ ಬಾಡಿಗೆಗೆ ಬಿಡುವುದು ಹನ್ನೊಂದು ವರ್ಷದಿಂದ ನನ್ನ ಕೆಲಸ. 2023ರ ಆಗಸ್ಟ್ ಕೊನೆಯಲ್ಲಿ ಫೋರ್ಸ್ ಅರ್ಬೇನಿಯಾ ತಗೊಂಡೆ. ಮೂರು ಅಳತೆಯಲ್ಲಿ ಮಧ್ಯದ್ದು, ಡ್ರೈವರ್ ಬಿಟ್ಟು 13 ಸೀಟು. ಆ ವರ್ಷ ಆಷಾಢ ಮುಗಿದ ಮೇಲೆ ಅಧಿಕ ಶ್ರಾವಣ ಬೇರೆ ಬಂದಿತ್ತು. ಎರಡೂ ಕಳೆಯುವವರೆಗೆ ಗಾಡಿ ಮನೆಗೆ ಬರುವುದು ಬೇಡ ಎಂದು ಅಮ್ಮ ಹಠ ಹಿಡಿದರು, ವರಮಹಾಲಕ್ಷ್ಮಿ ಹಬ್ಬದ ದಿನವೇ ಪೂಜೆ ಆಯಿತು. ಈಗ ಮೀಟರ್ 1,38,000 ದಾಟಿದೆ. ಯಾವ ವ್ಯಾನ್ ತಗೊಳ್ಳಲಿ ಅಣ್ಣಾ ಎಂದು ವಾರಕ್ಕೆ ಒಬ್ಬರಾದರೂ ಫೋನ್ ಮಾಡುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ನನ್ನ ಹಳೆಯ ಗಾಡಿಯ ಕಥೆ. ಅದು ಸೆಕೆಂಡ್ ಹ್ಯಾಂಡ್ ಟಿಟಿ, ಅಂದರೆ ಟೆಂಪೋ ಟ್ರಾವೆಲರ್. ಟೆಂಪೋ ಟ್ರಾವೆಲರ್ ನಮ್ಮ ರಸ್ತೆಗೆ ಬಂದದ್ದು 1987ರಲ್ಲಿ. ಬಜಾಜ್ ಟೆಂಪೋ ಎಂಬ ಕಂಪನಿ ಹೆಸರು 2005ರಲ್ಲಿ ಫೋರ್ಸ್ ಮೋಟರ್ಸ್ ಆಯಿತು, ಆದರೂ ನಮ್ಮ ಬಾಯಲ್ಲಿ ಅದು ಇವತ್ತಿಗೂ ಟೆಂಪೋನೇ. ಆ ಗಾಡಿ ಗಟ್ಟಿ. ತಪ್ಪು ಮಾಡಿದ್ದು ನಾನು. ಅದನ್ನು ಲಕ್ಷುರಿ ಮಾಡಿಸುತ್ತೇನೆ ಎಂದು ಒಂದು ಬಾಡಿ ಶೆಡ್ಡಿಗೆ ಬಿಟ್ಟೆ. ಸೋಫಾ ಥರದ ಸೀಟು, ಸೀಲಿಂಗ್ ತುಂಬ ನೀಲಿ ಲೈಟು, ಸಣ್ಣ ಫ್ರಿಜ್, ಟಿವಿ, ಮೇಲೆ ದೊಡ್ಡ ಎಸಿ. ನಾಲ್ಕೂವರೆ ಲಕ್ಷ ಹೋಯಿತು. ಫೋಟೋದಲ್ಲಿ ನೋಡಿದರೆ ಅರಮನೆ.

ಎರಡನೇ ತಿಂಗಳಿಗೆ ಧರ್ಮಸ್ಥಳಕ್ಕೆ ಒಂದು ಮದುವೆ ಪಾರ್ಟಿ ಸಿಕ್ಕಿತು. ಸಕಲೇಶಪುರ ದಾಟಿದ ಮೇಲೆ ಎಸಿ ಜೋಡಿಸಿದ ಜಾಗದಿಂದ ನೀರು ತೊಟ್ಟಿಕ್ಕಲು ಶುರುವಾಯಿತು. ಹುಡುಗಿಯ ಚಿಕ್ಕಮ್ಮ ಧಾರೆ ಸೀರೆಯ ಪೆಟ್ಟಿಗೆಯನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದರು. ಅವರು ಮೊದಲು ಕೈಯಲ್ಲಿ ಒರೆಸಿದರು, ಆಮೇಲೆ ಸೆರಗಿನಲ್ಲಿ, ಕೊನೆಗೆ ಪೆಟ್ಟಿಗೆ ಮೇಲೆ ಬಗ್ಗಿ ತಮ್ಮ ಬೆನ್ನಿಗೇ ನೀರು ಬೀಳುವ ಹಾಗೆ ಕೂತುಬಿಟ್ಟರು. ಅವತ್ತು ನಾನೇ ಗಾಡಿ ಓಡಿಸುತ್ತಿದ್ದೆ, ಕನ್ನಡಿಯಲ್ಲಿ ಇದೆಲ್ಲ ಕಾಣುತ್ತಿತ್ತು. ಇಳಿಯುವಾಗ ಹುಡುಗಿಯ ಅಪ್ಪ ಬೈಯಲಿಲ್ಲ. "ಸ್ವಾಮಿ, ಇಷ್ಟು ದುಡ್ಡು ಕೊಟ್ಟು ನಮ್ಮ ಹೆಂಗಸರನ್ನ ಹೀಗೆ ಕೂರಿಸಿದ್ವಲ್ಲ" ಎಂದರು, ಅಷ್ಟೇ. ಬಾಡಿಗೆಯಲ್ಲಿ ನಾಲ್ಕು ಸಾವಿರ ವಾಪಸ್ ಕೊಟ್ಟೆ. ಆ ಮನೆಯಿಂದ ಮತ್ತೆ ಫೋನ್ ಬರಲಿಲ್ಲ.

ಆದ್ದರಿಂದ ನನ್ನ ಮೊದಲ ಮಾತು, ಕಂಪನಿಯಿಂದ ಹೇಗೆ ಬರುತ್ತದೋ ಹಾಗೇ ಓಡಿಸುವಂಥ ಗಾಡಿಯನ್ನೇ ತಗೊಳ್ಳಿ. ಆರ್‌ಸಿಯಲ್ಲಿ ಇರುವುದಕ್ಕೂ ಗಾಡಿಗೂ ತಾಳೆಯಾಗದ ಹಾಗೆ ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಒಪ್ಪುವುದಿಲ್ಲ. ಎಫ್‌ಸಿಗೆ, ಅಂದರೆ ಫಿಟ್ನೆಸ್ ಸರ್ಟಿಫಿಕೇಟಿಗೆ, ಹೋದಾಗ ತೊಂದರೆ, ಅಪಘಾತ ಆದರೆ ಇನ್ಶೂರೆನ್ಸ್‌ನವರ ಹತ್ತಿರ ಇನ್ನೂ ದೊಡ್ಡ ತೊಂದರೆ.

ಅರ್ಬೇನಿಯಾ ತಗೊಳ್ಳುವ ಮುಂಚೆ ನಾನು ಮಾಡಿದ ಒಂದೇ ಒಂದು ಜಾಣತನದ ಕೆಲಸ ಹೇಳುತ್ತೇನೆ. ಶೋರೂಂನವರ ಟೆಸ್ಟ್ ಡ್ರೈವ್ ಹತ್ತು ನಿಮಿಷದ್ದು, ಅದೂ ಸ್ಟೀರಿಂಗ್ ಹಿಂದೆ. ನಮ್ಮ ಪಾರ್ಟಿಗಳು ಸ್ಟೀರಿಂಗ್ ಹಿಂದೆ ಕೂರುವುದಿಲ್ಲ, ಅಲ್ವಾ? ಬೆಂಗಳೂರಿನ ಪರಿಚಯದವರೊಬ್ಬರ ಗಾಡಿಯನ್ನು ಒಂದು ದಿನಕ್ಕೆ ದುಡ್ಡು ಕೊಟ್ಟೇ ಬಾಡಿಗೆಗೆ ತಗೊಂಡೆ. ಅಪ್ಪ, ಅಮ್ಮ, ಅಕ್ಕನ ಮನೆಯವರು, ಎಲ್ಲರನ್ನೂ ಕೂರಿಸಿಕೊಂಡು ಮಡಿಕೇರಿಗೆ ಹೋಗಿ ಬಂದೆವು. ಹೋಗುವಾಗ 120 ಕಿ.ಮೀ. ಪೂರ್ತಿ ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ, ಕೈಯಲ್ಲಿ ಅರ್ಧ ತುಂಬಿದ ಸ್ಟೀಲ್ ಲೋಟ ಹಿಡಿದುಕೊಂಡು. ಹುಣಸೂರಿನವರೆಗೆ ನೀರು ಚೆಲ್ಲಲಿಲ್ಲ. ಹಂಪ್‌ಗಳಲ್ಲಿ ಡ್ರೈವರ್ ನಿಧಾನ ಮಾಡಿದಾಗ ಸರಿ, ಒಂದು ಕಡೆ ನೋಡದೆ ಹಾರಿಸಿದ, ಲೋಟದ ನೀರೆಲ್ಲ ಪ್ಯಾಂಟ್ ಮೇಲೆ. ಉದ್ದ ಗಾಡಿ ಯಾವುದೇ ಆಗಲಿ, ಹಿಂದಿನ ಚಕ್ರದ ಮೇಲೆ ಅಥವಾ ಅದರಾಚೆ ಕೂತವನಿಗೆ ಕುಲುಕಾಟ ಜಾಸ್ತಿ. ಅದು ಎಷ್ಟು ಜಾಸ್ತಿ ಎನ್ನುವುದನ್ನು ನಿಮ್ಮ ಸೊಂಟವೇ ಹೇಳಬೇಕು, ಬ್ರೋಷರ್ ಹೇಳುವುದಿಲ್ಲ. ಹಳೆಯ ಟಿಟಿಗೆ ಹೋಲಿಸಿದರೆ ಇದು ಎಷ್ಟೋ ಮೇಲು, ಅದಕ್ಕೇ ತಗೊಂಡೆ.

ಅಮ್ಮನಿಗೆ ಮಂಡಿನೋವು. ಅವರು ಮೆಟ್ಟಿಲು ಹತ್ತುವುದನ್ನು ಅವತ್ತು ಎಂಟು ಸಲ ನೋಡಿದೆ. ಮೊದಲ ಸಲ ಹಿಡಿ ಎಲ್ಲಿದೆ ಎಂದು ತಡಕಾಡಿದರು. ಎಂಟನೇ ಸಲ ಬಲಗಾಲಿಟ್ಟು ಸಲೀಸಾಗಿ ಹತ್ತಿದರು, ಆದರೆ ಇಳಿಯುವಾಗ ಮಾತ್ರ ಪ್ರತಿ ಸಲ ಯಾರಾದರೂ ಕೈ ಕೊಡಬೇಕಿತ್ತು. ಅದಕ್ಕೆ ಈಗ ಬಾಗಿಲ ಹತ್ತಿರ ಒಂದು ಗಟ್ಟಿ ಸಣ್ಣ ಸ್ಟೂಲ್ ಯಾವಾಗಲೂ ಇರುತ್ತದೆ. ಗಾಡಿ ನಿಂತ ತಕ್ಷಣ ಡ್ರೈವರ್ ಇಳಿದು ಅದನ್ನು ಇಡಬೇಕು, ಪಕ್ಕದಲ್ಲೇ ನಿಲ್ಲಬೇಕು. ಆ 350 ರೂಪಾಯಿಯ ಸ್ಟೂಲಿನಿಂದ ನನಗೆ ಬಂದಷ್ಟು ಒಳ್ಳೆಯ ಮಾತು ಹಳೆಯ ಗಾಡಿಯ ನಾಲ್ಕೂವರೆ ಲಕ್ಷದ ಕೆಲಸಕ್ಕೆ ಬರಲಿಲ್ಲ.

ಇನ್ನು ಗಾಡಿ ಬಗ್ಗೆ. 2.6 ಲೀಟರ್ ಡೀಸೆಲ್ ಎಂಜಿನ್, 115 ಎಚ್‌ಪಿ, 350 ನ್ಯೂಟನ್ ಮೀಟರ್ ಟಾರ್ಕ್, ಐದು ಗೇರು. ಪೂರ್ತಿ ಜನ ತುಂಬಿಕೊಂಡು ಚಾರ್ಮಾಡಿ ಹತ್ತುವಾಗ ಓಡುವುದಿಲ್ಲ, ಆದರೆ ಉಸಿರೂ ಕಟ್ಟುವುದಿಲ್ಲ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದೆ, ಎಬಿಎಸ್, ಗಾಡಿ ಜಾರದಂತೆ ಹಿಡಿತದಲ್ಲಿಡುವ ಇಎಸ್‌ಪಿ, ಏರಿನಲ್ಲಿ ಗಾಡಿ ಹಿಂದಕ್ಕೆ ಹೋಗದಂತೆ ತಡೆಯುವ ಹಿಲ್ ಹೋಲ್ಡ್, ಮುಂದೆ ಎರಡು ಏರ್‌ಬ್ಯಾಗ್. ಮಳೆಗಾಲದಲ್ಲಿ ಸಂಪಾಜೆ ಘಾಟಿಗೆ ಗಾಡಿ ಕಳಿಸಿ ಮನೆಯಲ್ಲಿ ಮಲಗುವವನು ನಾನು, ಇವೆಲ್ಲ ಇದ್ದರೆ ನಿದ್ದೆ ಬರುತ್ತದೆ. ಆದರೂ ಹತ್ತಿದ ಗೇರಲ್ಲೇ ಇಳಿಯಬೇಕು ಎಂದು ಡ್ರೈವರ್‌ಗೆ ಇವತ್ತಿಗೂ ಹೇಳುತ್ತೇನೆ. ವೇಗ 80ಕ್ಕೆ ಲಾಕ್, ಟೂರಿಸ್ಟ್ ಗಾಡಿ ಆದ್ದರಿಂದ ಅದು ಇದ್ದೇ ಇರುತ್ತದೆ. ಎಕ್ಸ್‌ಪ್ರೆಸ್‌ವೇನಲ್ಲಿ ಕಾರಿನಂತೆ ಓಡುತ್ತದೆ ಎಂದು ಪಾರ್ಟಿಗೆ ಮಾತು ಕೊಡಬೇಡಿ, ಟೈಮ್ ಅದಕ್ಕೆ ತಕ್ಕ ಹಾಗೆ ಹೇಳಿ.

ಮೈಲೇಜ್ ನನ್ನ ಲೆಕ್ಕದಲ್ಲಿ ಹೈವೇ ಮೇಲೆ ಎಸಿ ಹಾಕಿಕೊಂಡು 9ರಿಂದ 10, ಘಾಟಿಯಲ್ಲಿ 8. ಗಾಜುಗಳು ದೊಡ್ಡವು, ಹೊರಗಿನ ನೋಟ ಚೆನ್ನಾಗಿ ಕಾಣುತ್ತದೆ, ಆದರೆ ಅವು ತೆಗೆಯುವಂಥ ಗಾಜಲ್ಲ. ಘಾಟಿಯಲ್ಲಿ ವಾಂತಿ ಮಾಡುವ ಮಕ್ಕಳಿದ್ದರೆ ಮೊದಲೇ ಕೇಳಿ ಮುಂದಿನ ಸಾಲಲ್ಲಿ ಕೂರಿಸಿ, ಕವರ್, ನಿಂಬೆಹಣ್ಣು ಕೈಗೆ ಕೊಡಿ. ಊಟಕ್ಕೆ ನಿಲ್ಲಿಸಿದಾಗ ಒಳಗೇ ಯಾರಾದರೂ ಮಲಗಿದ್ದರೆ ಎಸಿಗೋಸ್ಕರ ಎಂಜಿನ್ ಆನ್ ಇಡಬೇಕಾಗುತ್ತದೆ, ಆ ಡೀಸೆಲ್ಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೇಲೆ ಕ್ಯಾರಿಯರ್ ಹಾಕಿಸಲು ಹೋಗಬೇಡಿ.

ಅಲ್ಲಿಗೆ ಲಗೇಜ್ ವಿಷಯ ಬಂತು, ಎಲ್ಲರೂ ಎಡವುವುದು ಇಲ್ಲೇ. 13 ಸೀಟು ಇದೆ ಎಂದರೆ 13 ಜನ ಅಂತ ಅಲ್ಲ. ಮೂರು ದಿನದ ಟ್ರಿಪ್ ಆದರೆ ನಾನು 10 ಜನಕ್ಕಿಂತ ಜಾಸ್ತಿ ಒಪ್ಪಿಕೊಳ್ಳುವುದಿಲ್ಲ. ಉಳಿದ ಸೀಟು ಬ್ಯಾಗಿಗೆ. ಅಮೆರಿಕದಿಂದ ಬಂದ ಮಗ ಸೊಸೆ ಇದ್ದರೆ ಎರಡೆರಡು ದೊಡ್ಡ ಸೂಟ್‌ಕೇಸ್ ಇರುತ್ತವೆ, ಆಗ 9 ಜನ ಅಂತ ಫೋನಲ್ಲೇ ಹೇಳಿಬಿಡುತ್ತೇನೆ. ಕೆಲವರು ಕೋಪ ಮಾಡಿಕೊಂಡು ಬೇರೆ ಕಡೆ ಹೋಗುತ್ತಾರೆ, ಹೋಗಲಿ. ಕಾಲ ಕೆಳಗೆ ಬ್ಯಾಗ್ ಇಟ್ಟುಕೊಂಡು ಆರು ಗಂಟೆ ಕೂತವರು ಲಕ್ಷುರಿ ವ್ಯಾನ್ ಎಂಬ ಮಾತನ್ನು ಮತ್ತೆ ನಂಬುವುದಿಲ್ಲ. ಶಬರಿಮಲೆ ಸೀಸನ್ ಮಾತ್ರ ಬೇರೆ. ಸ್ವಾಮಿಗಳ ಹತ್ತಿರ ಇರುಮುಡಿ ಬಿಟ್ಟರೆ ಸಣ್ಣ ಚೀಲ ಅಷ್ಟೇ, ಆಗ 13 ಜನವೂ ಆರಾಮಾಗಿ ಹೋಗುತ್ತಾರೆ.

17 ಸೀಟಿನ ಉದ್ದದ ಮಾಡೆಲ್ ತಗೊಂಡಿದ್ದರೆ ಜಾಸ್ತಿ ದುಡಿಯಬಹುದಿತ್ತಲ್ಲ ಎಂದು ಕೇಳುತ್ತಾರೆ. ಅದರ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 4400 ಮಿ.ಮೀ., ನನ್ನದು 3615, ಸಣ್ಣದು 3350. ಬೆಂಗಳೂರಿನ ಆಫೀಸ್ ಪಾರ್ಟಿ, ಏರ್‌ಪೋರ್ಟ್ ಕೆಲಸ ಜಾಸ್ತಿ ಇದ್ದವರಿಗೆ ಉದ್ದದ್ದೇ ಸರಿ. ನನ್ನ ಪಾರ್ಟಿಗಳು ಕೊಡಗಿನ ಹೋಂಸ್ಟೇಗೆ ಹೋಗುವವರು. ತೋಟದ ಒಳಗಿನ ಆ ದಾರಿಗಳಲ್ಲಿ ಏಳು ಮೀಟರ್ ಗಾಡಿ ತಿರುಗಿಸುವುದು ಕಷ್ಟ, ಗೇಟಿನ ಕಂಬಕ್ಕೆ ಉಜ್ಜಿದರೆ ಆ ವಾರದ ಲಾಭ ಹೋಯಿತು. ನಿಮ್ಮ ಕಳೆದ ವರ್ಷದ ಬುಕಿಂಗ್ ಪುಸ್ತಕ ತೆಗೆದು ಎಷ್ಟು ಜನ, ಎಲ್ಲಿಗೆ, ಎಷ್ಟು ದಿನ ಎಂದು ಬರೆದುಕೊಳ್ಳಿ. ನನ್ನದರಲ್ಲಿ 8ರಿಂದ 11 ಜನದ ಮನೆಗಳೇ ಜಾಸ್ತಿ ಇದ್ದವು.

ಬೇರೆ ಗಾಡಿಗಳನ್ನೂ ನೋಡಿದ್ದೆ. ಟಾಟಾ ವಿಂಗರ್ ಬೆಲೆಯಲ್ಲಿ ಹಗುರ, ಕಂಪನಿ ಸ್ಟಾಫ್ ಕರೆದೊಯ್ಯುವ ತಿಂಗಳ ಕಾಂಟ್ರ್ಯಾಕ್ಟ್ ಇದ್ದರೆ ಅದೇ ಸಾಕು. ಟೊಯೊಟಾ ಹೈಏಸ್ ತುಂಬಾ ಚೆನ್ನಾಗಿದೆ, ಆದರೆ ಹೊರದೇಶದಿಂದ ಬರುವ ಗಾಡಿ, ಆ ಬೆಲೆಗೆ ನಮ್ಮ ಊರಿನ ಬಾಡಿಗೆ ಗಿಟ್ಟುವುದಿಲ್ಲ. ಎರಡು ಇನ್ನೋವಾ ಕಳಿಸಬಹುದಲ್ಲ ಎಂಬುದು ನಿಜವಾದ ಪ್ರಶ್ನೆ. ಆದರೆ ಇಬ್ಬರು ಡ್ರೈವರ್, ಎರಡು ಟೋಲ್, ಎರಡು ಇನ್ಶೂರೆನ್ಸ್. ಅದಕ್ಕಿಂತ ಮುಖ್ಯವಾಗಿ, ಮನೆಯವರೆಲ್ಲ ಒಟ್ಟಿಗೆ ಕೂತು ಅಂತ್ಯಾಕ್ಷರಿ ಹಾಡಿಕೊಂಡು, ಚಕ್ಕುಲಿ ಡಬ್ಬ ಹಿಂದೆ ಮುಂದೆ ಕಳಿಸಿಕೊಂಡು ಹೋಗಬೇಕೆಂದೇ ಅವರು ವ್ಯಾನ್ ಕೇಳುವುದು.

ದುಡ್ಡಿನ ಲೆಕ್ಕ. 2022ರ ನವೆಂಬರಿನಲ್ಲಿ ಬೆಲೆ ಪ್ರಕಟವಾದಾಗ ಎಕ್ಸ್ ಶೋರೂಂ 28.99 ಲಕ್ಷದಿಂದ 31.25 ಲಕ್ಷದವರೆಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಡ್ರೈವರ್ ಸೇರಿ 10 ಅಥವಾ ಹೆಚ್ಚು ಜನ ಕೂರುವ ಗಾಡಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಈಗ ತಗೊಳ್ಳುವವರಿಗೆ ಅದು ದೊಡ್ಡ ಅನುಕೂಲ. ನಾನು 25 ಲಕ್ಷ ಸಾಲ ಮಾಡಿದೆ, ಶೇಕಡ 10 ಬಡ್ಡಿ, ಐದು ವರ್ಷ, ತಿಂಗಳ ಕಂತು 53 ಸಾವಿರ ಚಿಲ್ಲರೆ. ಬಾಡಿಗೆ ಕಿಲೋಮೀಟರಿಗೆ 38 ರೂಪಾಯಿ, ದಿನಕ್ಕೆ ಕನಿಷ್ಠ 300 ಕಿ.ಮೀ., ಅಂದರೆ 11,400. ಡ್ರೈವರ್‌ನ ದಿನದ ಬಾಟಾ, ಟೋಲ್, ಪಾರ್ಕಿಂಗ್ ಪಾರ್ಟಿಯದು. ಡೀಸೆಲ್ ಮೂರು ಸಾವಿರ, ಇನ್ನು ತೊಳೆಯುವುದು, ಅದು ಇದು ತೆಗೆದರೆ ದಿನಕ್ಕೆ ಏಳೂವರೆ ಸಾವಿರ ಕೈಗೆ ಬರುತ್ತದೆ. ಕಂತು, ಡ್ರೈವರ್ ಸಂಬಳ, ಇನ್ಶೂರೆನ್ಸ್, ರೋಡ್ ಟ್ಯಾಕ್ಸ್, ಟೈರು, ಸರ್ವಿಸ್ ಎಲ್ಲ ಸೇರಿ ತಿಂಗಳಿಗೆ ಒಂದು ಲಕ್ಷದ ಹತ್ತಿರ. ಅಂದರೆ ಮೊದಲ 13 ದಿನ ಗಾಡಿಗೇ ದುಡಿಯಬೇಕು. ಹದಿನಾಲ್ಕನೇ ದಿನದಿಂದ ನಮ್ಮ ಮನೆಗೆ. ಮೇ, ಅಕ್ಟೋಬರ್, ಡಿಸೆಂಬರ್‌ನಲ್ಲಿ 22 ದಿನ ಓಡಿದ್ದೂ ಇದೆ. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಮಳೆ ಬೇರೆ, ಒಂದು ವರ್ಷ ಬರೀ 7 ದಿನ ಓಡಿತು. ಅಂಥ ತಿಂಗಳ ಕಂತನ್ನು ಬೇಸಿಗೆಯಲ್ಲೇ ತೆಗೆದಿಡಿ, ನಾನು ಮೊದಲ ವರ್ಷ ಇಡದೆ ಹೆಂಡತಿಯ ಬಳೆ ಅಡ ಇಟ್ಟೆ. ಈಗಲೂ ಅದನ್ನು ನೆನೆದರೆ ಬೇಜಾರಾಗುತ್ತದೆ.

ಬುಕಿಂಗ್ ಆನ್‌ಲೈನ್ ಏಜೆಂಟರ ಮೇಲೇ ಬಿಡಬೇಡಿ. ನನಗೆ ಒಂದು ಕಡೆ 46 ಸಾವಿರ ನಾಲ್ಕು ತಿಂಗಳು ಬಾಕಿ ನಿಂತಿತ್ತು. ಈಗ ಮೂರರಲ್ಲಿ ಎರಡು ಟ್ರಿಪ್ ಹಳೆಯ ಪಾರ್ಟಿಗಳು ಹೇಳಿ ಕಳಿಸಿದವರದ್ದು.

ಸೀಟಿನ ಬಟ್ಟೆ ಗಾಢ ಕಂದು ಇರಲಿ. ತಿಳಿ ಬಣ್ಣದ ಮೇಲೆ ಕುಂಕುಮ, ಅರಿಶಿನ, ಸಾಂಬಾರ್ ಯಾವುದೂ ಪೂರ್ತಿ ಹೋಗುವುದಿಲ್ಲ. ಫ್ರಿಜ್ ಬೇಡ, ಒಳ್ಳೆಯ ಐಸ್ ಬಾಕ್ಸ್ ಸಾಕು. ಮೈಕ್ ಬೇಕೇ ಬೇಕು. ಊಟಿ, ವಯನಾಡು ಟ್ರಿಪ್ ಒಪ್ಪಿಕೊಳ್ಳುವಾಗ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ರಸ್ತೆ ಮುಚ್ಚಿರುತ್ತದೆ ಎಂದು ಮೊದಲೇ ಹೇಳಿ, ಊಟಿಗೆ ಇ-ಪಾಸ್ ನೀವೇ ಮಾಡಿಸಿ ಕೊಡಿ.

ಈ ವರ್ಷ ಇನ್ನೊಂದು ತಗೊಳ್ಳುತ್ತಿದ್ದೇನೆ, ಇದೇ ಗಾಡಿಯ ಸಣ್ಣ ಅಳತೆ, 10 ಸೀಟು. ಮನೆಯಲ್ಲಿ ಅಪ್ಪ, ಇದ್ದ ಸಾಲ ಮೊದಲು ತೀರಿಸು ಅಂತಾರೆ. ಅಮ್ಮ ಮಾತ್ರ ಗಾಡಿ ನೋಡಲು ತಾವೂ ಬರುತ್ತೇನೆ, ಮೆಟ್ಟಿಲು ಹತ್ತಿ ಇಳಿದು ನೋಡಬೇಕು ಅಂದಿದ್ದಾರೆ.