ಒಂಬತ್ತನೇ ದಿನ ಹಾಕಿದ ಸಹಿ

ಕಾರಿಗೆ ಸಿಕ್ಕಿ ಸೈಕಲ್ಲಿನಿಂದ ಬಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮುಂದೆ ವಿಮಾ ಕಂಪನಿಯ ಕಾಗದ ಇದ್ದರೆ, ದಯವಿಟ್ಟು ಪೆನ್ನು ಕೆಳಗಿಡಿ. ಉಳಿದದ್ದನ್ನು ನಿಧಾನವಾಗಿ ಓದಬಹುದು. ನಾನು ಅಪಘಾತವಾದ ಒಂಬತ್ತನೇ ದಿನ ಸಹಿ ಹಾಕಿದೆ. ಮಣಿಕಟ್ಟಿನ ಮೂಳೆ ಮುರಿದಿದೆ ಎಂದು ನನಗೆ ಗೊತ್ತಾದದ್ದು ಇಪ್ಪತ್ತಾರನೇ ದಿನ.

ಅಪಘಾತದಲ್ಲಿ ವಿಶೇಷವೇನೂ ಇರಲಿಲ್ಲ. ಬೆಳಗಿನ ಹೊತ್ತು, ಒಣ ರಸ್ತೆ. ನನ್ನನ್ನು ಹಿಂದಿಕ್ಕಿದ ಕಾರು ನಾಲ್ಕು ಮಾರು ಹೋಗಿ, ನನ್ನ ಮುಂದೆಯೇ ಅಡ್ಡರಸ್ತೆಗೆ ತಿರುಗಿತು. ಸೈಕಲ್ ತುಳಿಯುವವರಿಗೆಲ್ಲ ಈ ಬಗೆಯ ತಿರುವು ಪರಿಚಿತ. ಕೆಲವು ಚಾಲಕರ ಲೆಕ್ಕದಲ್ಲಿ ಸೈಕಲ್ ಎಂದರೆ ಮೈಲಿಗಲ್ಲು. ಒಮ್ಮೆ ದಾಟಿದರೆ ಅದು ಅಲ್ಲೇ ನಿಂತಿರುತ್ತದೆ. ನನ್ನ ಮುಂದಿನ ಚಕ್ರ ಕಾರಿನ ಹಿಂಬಾಗಿಲಿಗೆ ಬಡಿಯಿತು. ನಾನು ಬಲ ಅಂಗೈ ಊರಿಕೊಂಡು ಬಿದ್ದೆ. ಈ ಅಂಗೈಯನ್ನು ನೆನಪಿಟ್ಟುಕೊಳ್ಳಿ.

ಕಾರಿನಿಂದ ಇಳಿದು ಬಂದವರು ಒಳ್ಳೆಯ ಮನುಷ್ಯರೇ. ನೀರು ಕೊಟ್ಟರು, ಸೈಕಲ್ಲನ್ನು ತಾವೇ ಎತ್ತಿ ಬದಿಗಿಟ್ಟರು, ಆಸ್ಪತ್ರೆಗೂ ಕರೆದುಕೊಂಡು ಹೋದರು. 'ಪೊಲೀಸ್ ಗೀಲೀಸ್ ಯಾಕೆ, ವಿಮೆ ಇದೆ, ಎಲ್ಲ ನಾನು ನೋಡಿಕೊಳ್ಳುತ್ತೇನೆ' ಎಂದರು. ನಾನು ಆಗ ಆಡಿದ ಮಾತು ಈಗಲೂ ಕಿವಿಯಲ್ಲಿದೆ: 'ಪರವಾಗಿಲ್ಲ ಬಿಡಿ, ನಾನೂ ನೋಡಿಕೊಳ್ಳಬೇಕಿತ್ತು.' ಏನು ನೋಡಿಕೊಳ್ಳಬೇಕಿತ್ತೋ ದೇವರಿಗೇ ಗೊತ್ತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಜನ ಸುತ್ತ ನಿಂತು ನೋಡುವಾಗ ನೋವಿಗಿಂತ ನಾಚಿಕೆಯೇ ಜೋರಾಗಿರುತ್ತದೆ. ಆ ಗಳಿಗೆಯಲ್ಲಿ ಬಾಯಿಂದ ಬರುವುದು ಸೌಜನ್ಯವೇ ಹೊರತು ಸಾಕ್ಷ್ಯವಲ್ಲ. ಆದರೆ ಅದನ್ನು ಸಾಕ್ಷ್ಯವೆಂದು ಬರೆದುಕೊಳ್ಳುವವರು ಇರುತ್ತಾರೆ. ನನ್ನ ಆ ಒಂದು ವಾಕ್ಯ ಚಾಲಕರ ಹೇಳಿಕೆಯಲ್ಲಿ 'ಸೈಕಲ್ ಸವಾರರು ಸ್ಥಳದಲ್ಲೇ ತಮ್ಮ ತಪ್ಪನ್ನು ಒಪ್ಪಿಕೊಂಡರು' ಎಂದಾಗಿತ್ತು.

ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದರು. ಮೂಳೆ ಮುರಿದಿಲ್ಲ, ಉಳುಕು, ಪಟ್ಟಿ ಕಟ್ಟಿಕೊಳ್ಳಿ ಎಂದರು. ಹತ್ತು ದಿನ ಬಿಟ್ಟು ಮತ್ತೆ ತೋರಿಸಿ ಎಂದು ಚೀಟಿಯ ಕೆಳಗೆ ಸಣ್ಣಗೆ ಬರೆದಿತ್ತು. ನಾನು ಹೋಗಲಿಲ್ಲ. ಆ ತಪ್ಪು ಆಸ್ಪತ್ರೆಯದಲ್ಲ, ನನ್ನದು.

ನಾಲ್ಕನೇ ದಿನ ಚಾಲಕರ ವಿಮಾ ಕಂಪನಿಯಿಂದ ಕರೆ ಬಂತು. ದನಿ ಬಹಳ ಮೃದು. 'ಈ ಕರೆಯನ್ನು ಮುದ್ರಿಸಿಕೊಳ್ಳಲಾಗುತ್ತಿದೆ' ಎಂಬ ಸೂಚನೆ ಮುಗಿದ ಕೂಡಲೇ, 'ಹೇಗಿದ್ದೀರಿ?' ಎಂದು ಕೇಳಿದರು. ಯಾರು ಕೇಳಿದರೂ ನಾವು ಕೊಡುವ ಉತ್ತರ ಒಂದೇ: 'ಚೆನ್ನಾಗಿದ್ದೇನೆ.' ಆಮೇಲೆ, 'ವೇಗ ಎಷ್ಟಿತ್ತು, ಸುಮಾರಾಗಿ ಹೇಳಿ, ಸಾಕು' ಎಂದರು. ಮೂವತ್ತು ಇದ್ದಿರಬಹುದು ಎಂದೆ. ಸವಾರಿಯ ಲೆಕ್ಕ ಇಡುವ ಮೊಬೈಲ್ ತಂತ್ರಾಂಶ ಆ ದಿನವೂ ನನ್ನ ಜೇಬಿನಲ್ಲಿ ಓಡುತ್ತಲೇ ಇತ್ತು. ತಿಂಗಳ ಮೇಲೆ ತೆರೆದು ನೋಡಿದರೆ, ಬಡಿಯುವುದಕ್ಕೆ ಮುಂಚೆ ಗಂಟೆಗೆ 19 ಕಿಲೋಮೀಟರ್. ಕೈಯಲ್ಲಿ ಪುರಾವೆ ಇಟ್ಟುಕೊಂಡು ಅಂದಾಜು ಹೇಳಿದೆ, ಅದೂ ನನ್ನ ವಿರುದ್ಧದ ಅಂದಾಜು. ಗಾಯಗೊಂಡವನದೂ ತಪ್ಪಿನಲ್ಲಿ ಪಾಲಿದೆ ಎಂದು ತೋರಿಸಿದಷ್ಟೂ ಪರಿಹಾರ ಇಳಿಯುತ್ತದೆ. ಬಹಳಷ್ಟು ದೇಶಗಳ ಕಾನೂನಿನಲ್ಲಿ ಈ ಪಾಲು ಹಚ್ಚುವ ಲೆಕ್ಕ ಇದೆ. ಇದು ಆಗ ನನಗೆ ತಿಳಿದಿರಲಿಲ್ಲ. ಅಂಥ ಕರೆ ಬಂದರೆ ಹೆಸರು, ಅಪಘಾತದ ದಿನ, ಸ್ಥಳ ಇಷ್ಟು ಹೇಳಿ, 'ಉಳಿದದ್ದನ್ನು ಬರವಣಿಗೆಯಲ್ಲಿ ಕೇಳಿ' ಎಂದು ಫೋನ್ ಇಟ್ಟರೆ ಯಾರೂ ನಿಮ್ಮನ್ನು ಒರಟರು ಎನ್ನುವುದಿಲ್ಲ. ಅಂದರೂ ಅನ್ನಲಿ.

ಒಂಬತ್ತನೇ ದಿನ ಕಾಗದ ಬಂತು. ಸೈಕಲ್ ರಿಪೇರಿಯ ಖರ್ಚು, ಒಂದು ವಾರದ ಸಂಬಳ, ಮೇಲೆ ಒಂದಿಷ್ಟು 'ತೊಂದರೆಗಾಗಿ'. ಅಂದಿನ ಮಟ್ಟಿಗೆ ಅದು ನನಗೆ ಉದಾರವಾಗಿಯೇ ಕಂಡಿತು. ಎರಡನೇ ಪುಟದ ಮಧ್ಯದಲ್ಲಿ ಒಂದು ಸಾಲು: ಈ ಅಪಘಾತದಿಂದ ಉಂಟಾದ, ಈಗ ತಿಳಿದಿರುವ ಹಾಗೂ ಮುಂದೆ ತಿಳಿಯಬಹುದಾದ ಎಲ್ಲ ಗಾಯ ನಷ್ಟಗಳಿಗೂ ಇದು ಪೂರ್ಣ ಮತ್ತು ಅಂತಿಮ ಪರಿಹಾರ. ಓದಿದೆ. 'ಮುಂದೆ ತಿಳಿಯಬಹುದಾದ' ಎಂಬಲ್ಲಿ ಒಂದು ಕ್ಷಣ ನಿಂತೂ ನಿಂತೆ. ಕಾನೂನಿನ ಭಾಷೆ ಹೀಗೇ ಇರುತ್ತದೆ ಎಂದುಕೊಂಡು ಸಹಿ ಹಾಕಿದೆ. ಪೆನ್ನು ಒತ್ತಿ ಹಿಡಿದರೆ ಹೆಬ್ಬೆರಳಿನ ಬುಡ ಚುಳ್ ಎನ್ನುತ್ತಿತ್ತು, ಹಾಗಾಗಿ ಸಹಿ ಕೊನೆಯ ಎರಡು ಅಕ್ಷರಗಳಲ್ಲಿ ಜಾರಿ ಗೆರೆಯಿಂದ ಕೆಳಗಿಳಿಯಿತು.

ಮೂರನೇ ವಾರ ಕಳೆದರೂ ಬೀಗದ ಕೈ ತಿರುಗಿಸಲು ಆಗುತ್ತಿರಲಿಲ್ಲ. ಮೂಳೆ ವೈದ್ಯೆಯೊಬ್ಬರು ನನ್ನ ಹೆಬ್ಬೆರಳನ್ನು ಹಿಂದಕ್ಕೆ ಎತ್ತಿಸಿದರು. ಹಾಗೆ ಎತ್ತಿದಾಗ ಅದರ ಬುಡದಲ್ಲಿ ಎರಡು ನರಗಳಂಥ ಕಟ್ಟುಗಳ ನಡುವೆ ಸಣ್ಣ ಗುಳಿ ಬೀಳುತ್ತದೆ, ನೀವೂ ಮಾಡಿ ನೋಡಬಹುದು. ಅವರು ಆ ಗುಳಿಯನ್ನು ಬೆರಳ ತುದಿಯಿಂದ ಒತ್ತಿದರು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. 'ಅಂಗೈ ಊರಿ ಬಿದ್ದಿರಾ?' ಎಂದು ಕೇಳಿದರು.

ಆ ಗುಳಿಯ ಕೆಳಗಿರುವುದು ಸ್ಕೇಫಾಯ್ಡ್ ಎಂಬ ಗೋಡಂಬಿ ಗಾತ್ರದ ಮೂಳೆ. ಇದು ಬಿರುಕು ಬಿಟ್ಟರೂ ಮೊದಲ ಎಕ್ಸ್-ರೇಯಲ್ಲಿ ಕಾಣದೇ ಹೋಗುವುದುಂಟು. ಅದಕ್ಕೆಂದೇ ಹತ್ತು ಹದಿನಾಲ್ಕು ದಿನಗಳ ನಂತರ ಮತ್ತೊಮ್ಮೆ ತೆಗೆಯುತ್ತಾರೆ, ಇಲ್ಲವೇ ಎಂಆರ್‌ಐ ಮಾಡಿಸುತ್ತಾರೆ. ಇದರ ರಕ್ತ ಪೂರೈಕೆಯೂ ವಿಚಿತ್ರ: ಬೆರಳಿನ ಕಡೆಯ ತುದಿಯಿಂದ ಒಳಹೊಕ್ಕು ಹಿಮ್ಮುಖವಾಗಿ ಮುಂಗೈ ಕಡೆಗೆ ಹರಿಯುತ್ತದೆ. ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ತಲುಪದೆ ಮೂಳೆ ಕೂಡಿಕೊಳ್ಳದಿರಬಹುದು, ಸತ್ತೂ ಹೋಗಬಹುದು. ತಡವಾದಷ್ಟೂ ಅಪಾಯ ಹೆಚ್ಚು. ನನಗೆ ತಡವಾಗಿತ್ತು. ಶಸ್ತ್ರಚಿಕಿತ್ಸೆ ಮಾಡಿ ಒಳಗೆ ಸಣ್ಣ ತಿರುಪು ಕೂರಿಸಿದರು. ನನ್ನದು ಕೈಯಿಂದ ನಕ್ಷೆ ಬರೆಯುವ ಕೆಲಸ. ನಾಲ್ಕು ತಿಂಗಳು ಒಂದು ಗೆರೆಯನ್ನೂ ಎಳೆಯಲಿಲ್ಲ.

ಆಗ ಓಡಾಟ ಶುರುವಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಪೊಲೀಸ್ ಠಾಣೆಯಲ್ಲಿ ಕೇಳಿದ ಮೊದಲ ಪ್ರಶ್ನೆ, 'ಇಷ್ಟು ದಿನ ಏನು ಮಾಡುತ್ತಿದ್ದಿರಿ?' ಮೂಲೆಯ ಕಟ್ಟಡದ ಕ್ಯಾಮೆರಾದಲ್ಲಿ ಎಲ್ಲವೂ ದಾಖಲಾಗಿತ್ತಂತೆ. ಆದರೆ ಹಳೆಯದರ ಮೇಲೆ ಹೊಸದು ಬಂದು ಕೂತಿತ್ತು. ಅಂಥ ಯಂತ್ರಗಳು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಇಟ್ಟುಕೊಳ್ಳುತ್ತವೆ, ಅಷ್ಟೇ. ಸೊಟ್ಟಗಾದ ರಿಮ್ಮನ್ನು ನಾನೇ ಬದಲಾಯಿಸಿ ಹಳೆಯದನ್ನು ಎಸೆದಿದ್ದೆ. ಬಿರುಕು ಬಿಟ್ಟ ಹೆಲ್ಮೆಟ್ಟೂ ಹೋಗಿತ್ತು. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ತಲೆಗೆ ಹಾಕಬಾರದು ನಿಜ, ಆದರೆ ಅಟ್ಟದ ಮೇಲೆ ಎತ್ತಿಡಲು ಯಾರೂ ಬೇಡ ಎಂದಿರಲಿಲ್ಲ. ತಲೆ ರಕ್ಷಿಸಿಕೊಂಡಿದ್ದೆ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಕ್ಕೀತು?

ನಡುವೆ ಒಬ್ಬ ಮಧ್ಯವರ್ತಿ ಗಂಟುಬಿದ್ದ. ಆಸ್ಪತ್ರೆಯ ಪಡಸಾಲೆಯಲ್ಲೇ ಸಿಕ್ಕವನು. ಬಂದ ಹಣದಲ್ಲಿ ಮೂರನೇ ಒಂದು ಭಾಗ ತನಗೆ ಎಂದ, ಮೂಲ ದಾಖಲೆಗಳನ್ನೆಲ್ಲ ಕೇಳಿದ. ಕೊಟ್ಟೆ. ವಾಪಸು ಪಡೆಯಲು ಎರಡು ತಿಂಗಳು ಹಿಡಿಯಿತು. ಅವನ ಬಗ್ಗೆ ಇದಕ್ಕಿಂತ ಹೆಚ್ಚು ಬರೆದರೆ ಬೈಗುಳವಾಗುತ್ತದೆ.

ಕೊನೆಗೆ ಸಿಕ್ಕ ವಕೀಲರು ಮೊದಲ ಭೇಟಿಯಲ್ಲೇ ಎರಡು ವಿಷಯ ಹೇಳಿದರು. ಒಂದು, ಪರಿಹಾರ ಕೇಳಿ ಅರ್ಜಿ ಹಾಕಲು ಇರುವ ಕಾಲಮಿತಿ. ಅದು ದೇಶದಿಂದ ದೇಶಕ್ಕೆ ಬೇರೆ: ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಮೂರು ವರ್ಷ, ಭಾರತದಲ್ಲಿ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿ ಆರು ತಿಂಗಳ ಗಡುವನ್ನು ಹಾಕಿತು, ಅದು ಜಾರಿಗೆ ಬಂದದ್ದು 2022ರ ಏಪ್ರಿಲ್‌ನಿಂದ. ತಪ್ಪು ಯಾರದು ಎನ್ನುವ ಹೊರೆಯೂ ಎಲ್ಲ ಕಡೆ ಒಂದೇ ಅಲ್ಲ. ನೆದರ್ಲೆಂಡ್ಸ್‌ನ 1994ರ ರಸ್ತೆ ಸಂಚಾರ ಕಾನೂನಿನ 185ನೇ ವಿಧಿಯ ಪ್ರಕಾರ, ಸೈಕಲ್ ಸವಾರನಿಗೆ ಪೆಟ್ಟಾದರೆ ತಪ್ಪಿಸಲು ಸಾಧ್ಯವೇ ಇರಲಿಲ್ಲ ಎಂದು ಸಾಬೀತು ಮಾಡುವ ಭಾರ ಕಾರಿನವರ ಮೇಲಿದೆ. ಎಲ್ಲರಿಗೂ ಆ ಅದೃಷ್ಟ ಇಲ್ಲ. ಆದ್ದರಿಂದ ನೀವಿರುವ ಕಡೆಯ ಗಡುವು ಯಾವುದು ಎಂಬುದನ್ನು ಅಪಘಾತವಾದ ವಾರದಲ್ಲೇ ಕೇಳಿ ತಿಳಿದುಕೊಳ್ಳಿ.

ಎರಡನೆಯದು, ನನ್ನ ಸಹಿ. ವಂಚನೆ, ಒತ್ತಡ ಅಥವಾ ಇಬ್ಬರಿಗೂ ಆದ ತಪ್ಪು ತಿಳಿವಳಿಕೆ ಇತ್ತು ಎಂದು ತೋರಿಸಿದರೆ ಇಂಥ ರಾಜಿ ಪತ್ರವನ್ನು ರದ್ದುಪಡಿಸುವಂತೆ ಕೇಳಬಹುದು, ಆದರೆ ಓದಿ ಅರ್ಥ ಮಾಡಿಕೊಂಡು ಸಹಿ ಹಾಕಿದ್ದನ್ನು ನ್ಯಾಯಾಲಯ ಸುಲಭವಾಗಿ ಅಳಿಸುವುದಿಲ್ಲ ಎಂದರು. 'ಓದಿದ್ದಿರಾ?' ಎಂದು ಕೇಳಿದರು. ಓದಿದ್ದೆ ಎಂದೆ. ಅವರು ಪೆನ್ನು ಮುಚ್ಚಿದ ರೀತಿಯಲ್ಲೇ ಉತ್ತರ ತಿಳಿಯಿತು.

ಇದನ್ನು ಬರೆಯುವ ಹೊತ್ತಿಗೆ ಅರ್ಜಿ ಹಾಕಿ ಎಂಟು ತಿಂಗಳಾಗಿವೆ. ಮಣಿಕಟ್ಟು ಮುಕ್ಕಾಲು ಪಾಲು ಬಾಗುತ್ತದೆ. ಕಳೆದ ವಾರ ವಕೀಲರು ಆ ಕಾಗದವನ್ನು ಮತ್ತೆ ಹೊರತೆಗೆದು, ಗೆರೆಯಿಂದ ಕೆಳಗೆ ಜಾರಿದ ಎರಡು ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. 'ಆ ದಿನವೇ ಕೈ ಸರಿಯಿರಲಿಲ್ಲ ಎನ್ನುವುದಕ್ಕೆ ಇದು ಸಾಕ್ಷಿ ಆಗುವುದಿಲ್ಲವೇ?' ಎಂದು ಆಸೆಯಿಂದ ಕೇಳಿದೆ.

'ಆಗುತ್ತದೆ' ಎಂದರು. 'ಕೈ ನೋಯುತ್ತಿರುವುದು ಗೊತ್ತಿದ್ದೂ ನೀವು ಸಹಿ ಹಾಕಿದಿರಿ ಎನ್ನುವುದಕ್ಕೂ ಆಗುತ್ತದೆ.'