ಹಳದಿ ಅಂದ್ರೆ ದೋಸ್ತಿ, ನೀಲಿ ಅಂದ್ರೆ ಬಣ್ಣದ ನೀರು

ಕಲಬುರಗಿ ಸೂಪರ್ ಮಾರ್ಕೆಟ್ ಕಡೆಯ ಒಂದು ಬೊಕೆ ಅಂಗಡಿ. ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಅಣ್ಣ-ವೈನಿ ಮದುವೆಯಾಗಿ 25 ವರ್ಷ ಆಯ್ತು ಅಂತ ಗುಲಾಬಿ ತರಲು ಹೋಗಿದ್ದೆ.

ಒಳಗೆ ಹೋದರೆ ಮೊದಲು ಕಾಣುವುದು ಹೂವಲ್ಲ, ಗೋಡೆಗೆ ಅಂಟಿಸಿದ ಚಾರ್ಟು. ಕೆಂಪು ಅಂದರೆ ಪ್ರೀತಿ, ಪಿಂಕ್ ಅಂದರೆ ಥ್ಯಾಂಕ್ಸ್, ಬಿಳಿ ಅಂದರೆ ಶುದ್ಧ ಮನಸ್ಸು, ಹಳದಿ ಅಂದರೆ ದೋಸ್ತಿ, ನೀಲಿ ಅಂದರೆ ಸಿಗದೇ ಇರೋದು ಸಿಕ್ಕಿತು ಅಂತ. ಓದಲು ಮಜಾ ಇದೆ. ಆದರೆ ಅರ್ಥ ಸ್ಟಾಕ್ ನೋಡಿಕೊಂಡು ಬದಲಾಗುತ್ತದೆ! ಕೆಂಪು ಖಾಲಿಯಾಗಿತ್ತು. ಅಂಗಡಿ ಹುಡುಗ ಒಂಚೂರೂ ತಡವರಿಸದೆ, "25 ವರ್ಷ ಆದಮ್ಯಾಲ ದೋಸ್ತಿನೇ ಅಲ್ಲೇನ್ರಿ ಅಣ್ಣಾ, ಹಳದಿ ಒಯ್ರಿ" ಅಂದ. ನಕ್ಕು ಹನ್ನೆರಡು ತಗೊಂಡೆ.

ಚಾರ್ಟಿನಲ್ಲಿ ಹೇಳದ ವಿಷಯ ಒಂದಿದೆ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಹೂವಿನ ಭಾಷೆ ಅಂತ ಪುಸ್ತಕಗಳೇ ಬರುತ್ತಿದ್ದವು, ಅವುಗಳಲ್ಲಿ ಹಳದಿ ಗುಲಾಬಿ ಅಂದರೆ ಹೊಟ್ಟೆಕಿಚ್ಚು. ಪುಣ್ಯಕ್ಕೆ ಅದು ನಮ್ಮ ಮನೆತನಕ ಬಂದಿಲ್ಲ. ಬೊಕೆ ನೋಡಿದ ಅವ್ವ, "ಅರಿಶಿಣದ ಬಣ್ಣ, ಭಾಳ ಚಲೋ ಆತು" ಅಂದಳು, ಅಷ್ಟೇ.

ಕೆಟ್ಟಿದ್ದು ನೀಲಿ. ಹಳದಿ ಒಂದಕ್ಕೆ 20 ರೂಪಾಯಿ, ನೀಲಿಗೆ 50. "ಒರಿಜಿನಲ್ ಏನಪ್ಪಾ?" ಅಂತ ಕೇಳಿದ್ದಕ್ಕೆ "ಹೌದ್ರಿ, ಬೆಂಗಳೂರಿಂದ ಬಂದದ" ಅಂದ. ನಾಲ್ಕು ತಂದೆ. ಬೆಳಿಗ್ಗೆ ಎದ್ದು ನೋಡಿದರೆ ತಂಬಿಗೆಯ ನೀರು ಬಟ್ಟೆಗೆ ಹಾಕೋ ನೀಲಿ ಕಲಸಿದ ಹಾಗೆ, ಕೆಳಗೆ ಹಾಸಿದ್ದ ಬಿಳಿ ಬಟ್ಟೆಗೂ ಕಲೆ. ದಂಟನ್ನು ಓರೆಯಾಗಿ ಕತ್ತರಿಸಿದೆ, ಒಳಗೂ ಸುತ್ತಲೂ ನೀಲಿ ಚುಕ್ಕೆ. ಬಿಳಿ ಹೂವನ್ನು ಬಣ್ಣದ ನೀರಿನಲ್ಲಿ ನಿಲ್ಲಿಸಿದರೆ ದಂಟು ಹೀರಿಕೊಂಡು ಎಸಳಿಗೆ ಏರಿಸುತ್ತದೆ, ಇಷ್ಟೇ ಗುಟ್ಟು. ಗುಲಾಬಿ ಗಿಡಕ್ಕೆ ನೀಲಿ ಬಣ್ಣ ತಯಾರಿಸೋ ಶಕ್ತಿಯೇ ಇಲ್ಲ. ಜಪಾನಿನ ಸಂಟೋರಿ ಕಂಪನಿ ಬೇರೆ ಹೂವಿನ ಜೀನ್ ಸೇರಿಸಿ 2009ರಲ್ಲಿ ಮಾರಾಟಕ್ಕೆ ತಂದ "ನೀಲಿ" ಗುಲಾಬಿ ಕೂಡ ನೋಡಲು ತಿಳಿ ನೇರಳೆಯೇ.

ಮರುದಿನ ಹೋಗಿ ಕೇಳಿದರೆ "ನೀಲಿ ಎಲ್ಲಾ ಕಡಿನೂ ಹಿಂಗೇ ರೀ" ಅಂದ. ಅದೇನೋ ಖರೆ, ಮತ್ತೆ ನಿನ್ನೆ ಒರಿಜಿನಲ್ ಅಂದಿದ್ಯಾಕೆ?

ವಾಸನೆ ಅಂತೂ ಕೇಳಬೇಡಿ. ಬೊಕೆ ಅಂಗಡಿಯಲ್ಲಿ ಸಿಗೋ ಉದ್ದ ದಂಟಿನ ಡಚ್ ಗುಲಾಬಿ ಜಾಸ್ತಿ ದಿನ ಬಾಳಲಿ ಅಂತ ಬೆಳೆಸೋದು, ಪರಿಮಳ ಇರೋದು ಅಪರೂಪ. ಘಮ ಬೇಕಂದರೆ ಬಂದೇ ನವಾಜ್ ದರ್ಗಾದ ಹೊರಗೆ ಬುಟ್ಟಿಯಲ್ಲಿ ಮಾರೋ ಕೆಂಪು ಎಸಳು ತಗೊಳ್ಳಿ, ಚಾರ್ಟೂ ಬೇಡ ಏನೂ ಬೇಡ.

ಹಳದಿ ಮಾತ್ರ ಈ ಬಿಸಿಲಲ್ಲೂ ನಾಲ್ಕು ದಿನ ನಿಂತವು, ನೀರು ದಿನಾ ಬದಲಿಸಿದ್ದೆ. ಅದಕ್ಕೇ ಮೂರು ಸ್ಟಾರ್. ಹೋಗೋದಾದರೆ ಬೆಳಿಗ್ಗೆ ಹೋಗಿ, ಮೊಗ್ಗಿನ ಬುಡ ಮೆಲ್ಲಗೆ ಒತ್ತಿ ನೋಡಿ, ಮೆತ್ತಗಿದ್ದರೆ ಹಳೇದು. ನೀಲಿ ಕಡೆ ನೋಡಲೂ ಬೇಡಿ.